ಇರುಳಿನ ಲೆಕ್ಕ ಬಲ್ಲ ಸೇವಂತಿಗೆ

ಮಂಗಳೂರಿನ ಚಳಿಗೆ ಕಂಬಳಿ ಬೇಡ. ಆದರೂ ಚಳಿಗಾಲ ಬಂತೆಂದು ಅಂಗಳದ ಸೇವಂತಿಗೆಗೆ ಗೊತ್ತಾಗುತ್ತದೆ. ಹೇಗೆ ಗೊತ್ತೇ ಮಕ್ಕಳೇ? ಅದು ಇರುಳಿನ ಉದ್ದವನ್ನು ಅಳೆಯುತ್ತದೆ.

ನಮ್ಮ ಊರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಗೆ ಅದು ಸುಮಾರು 11 ಗಂಟೆ 25 ನಿಮಿಷಕ್ಕೆ ಇಳಿಯುತ್ತದೆ. ಇರುಳು ಬೆಳೆದದ್ದನ್ನು ಸೇವಂತಿಗೆಯ ಎಲೆಗಳು ಗುರುತಿಸಿ, ಮೊಗ್ಗು ಬಿಡಲು ತುದಿಗೆ ಸೂಚನೆ ಕಳುಹಿಸುತ್ತವೆ. ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು 1920ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ತಿಳಿಸಿದರು. ರಾತ್ರಿ ದೀಪ ಉರಿದರೆ ಗಿಡದ ಲೆಕ್ಕ ತಪ್ಪುತ್ತದೆ. ಹೂ ತಡವಾಗಿ ಬರಲೆಂದು ಬೇಕೆಂದೇ ದೀಪ ಹಾಕುವ ಬೆಳೆಗಾರರೂ ಇದ್ದಾರೆ.

ನಮ್ಮ ನೆರೆಮನೆಯ ಅಜ್ಜಿಯ ಬಳಿ ತವರಿನಿಂದ ತಂದ ಹಳದಿ ಸೇವಂತಿಗೆ ಇದೆ. ತವರಿನಲ್ಲಿ ಆ ಗಿಡ ಈಗ ಉಳಿದಿಲ್ಲ. ಗೇಟಿನೆದುರು ಬೀದಿದೀಪ ಬಂದ ಮೇಲೆ ಎರಡು ವರ್ಷ ಬರೀ ಸೊಪ್ಪು, ಹೂವಿಲ್ಲ. ಕಿತ್ತು ಬಿಸಾಡುವುದೆಂದು ಅವರು ಹೊರಟಾಗ ನನ್ನ ಮೊಮ್ಮಗಳು, “ಅಜ್ಜಿ, ಒಮ್ಮೆ ಹಿತ್ತಿಲಲ್ಲಿ ಇಟ್ಟು ನೋಡುವ” ಎಂದಳು. ನವರಾತ್ರಿಗೆ ಮೊದಲೇ ಚಟ್ಟಿ ಬಾವಿಕಟ್ಟೆಯ ಬಳಿಗೆ ಹೋಯಿತು. ಅಲ್ಲಿ ಹಗಲು ಒಳ್ಳೆಯ ಬಿಸಿಲು, ರಾತ್ರಿ ಪೂರ್ತಿ ಕತ್ತಲೆ. ಕ್ರಿಸ್ಮಸ್ ರಜೆಯ ಹೊತ್ತಿಗೆ ಗಿಡದ ತುಂಬ ಹೂ! ಅಜ್ಜಿ ಮೊದಲ ಹೂವನ್ನು ದೇವರಿಗಿಟ್ಟು, ಎರಡನೆಯದನ್ನು ಮೊಮ್ಮಗಳ ಜಡೆಗೆ ಮುಡಿಸಿದರು.

ಬೆಳೆಸುವುದು ಕಷ್ಟವಲ್ಲ. ಹೂ ಮುಗಿದ ಮೇಲೆ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ. ಬುಡದಿಂದ ಮರಿಗಿಡಗಳು ಏಳುತ್ತವೆ. ಬೇರುಸಹಿತ ಅವನ್ನು ಬಿಡಿಸಿ, ಸುಡುಮಣ್ಣು, ಮರಳು, ಒಣಗಿದ ಹಟ್ಟಿಗೊಬ್ಬರ ಬೆರೆಸಿದ ಚಟ್ಟಿಯಲ್ಲಿ ನೆಡಿ. ನಮ್ಮ ಜಡಿಮಳೆಯೇ ಇದಕ್ಕೆ ದೊಡ್ಡ ಶತ್ರು. ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಚಟ್ಟಿಯನ್ನು ಬೆಳಕಿರುವ ಮಾಡಿನಡಿ ಇಡಿ, ತಳದ ತೂತು ಕಟ್ಟದಂತೆ ನೋಡಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಮೊಗ್ಗು ಬರುವ ಕಾಲದಲ್ಲಿ ಚಿವುಟಬೇಡಿ. ನೀರನ್ನು ಎಲೆಗಲ್ಲ, ಬುಡಕ್ಕೆ ಹಾಕಿ. ಹೂವಿನ ಭಾರಕ್ಕೆ ಬಾಗುವ ಗಿಡಕ್ಕೆ ಒಂದು ಕೋಲು ಕಟ್ಟಿ.

ಜನವರಿಯಲ್ಲಿ ಕದ್ರಿ ಉದ್ಯಾನದ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಹೂಗಳನ್ನು ಕಣ್ತುಂಬ ನೋಡಬಹುದು. ಅದಕ್ಕೂ ಮೊದಲು ಮಕ್ಕಳು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಒಂದೇ ತಾಯಿಗಿಡದ ಎರಡು ಮರಿಗಳಲ್ಲಿ ಒಂದನ್ನು ರಾತ್ರಿಯೆಲ್ಲ ಉರಿಯುವ ದೀಪದಡಿ, ಇನ್ನೊಂದನ್ನು ಕತ್ತಲಲ್ಲಿ ಇಡಿ. ಎರಡಕ್ಕೂ ಹಗಲಿನ ಬಿಸಿಲು ಒಂದೇ ಸಮ ಇರಲಿ. ಮೊಗ್ಗು ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರಿಗಿಡ ಬೇಕಾದರೆ ಅಜ್ಜ-ಅಜ್ಜಿಯರನ್ನೇ ಕೇಳಿ. ಹಳೆಯ ತಳಿ ಎಲ್ಲಿದೆಯೆಂದು ಅವರಿಗೆ ಗೊತ್ತಿರುತ್ತದೆ.