ಊರು ಬಿಟ್ಟವರ ಕೈಗೆ ಊರಿನ ಕೆಲಸ

ಯುಗಾದಿಯ ಹಿಂದಿನ ದಿನ ಬೆಂಗಳೂರಿನಿಂದ ಮಧುಗಿರಿ, ಪಾವಗಡದ ಕಡೆಗೆ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೊ ಓಡಿಸುವವರು, ಸಾಫ್ಟ್‌ವೇರ್ ಕಂಪನಿಯ ಹುಡುಗರು ಒತ್ತಿಕೊಂಡು ನಿಂತಿರುತ್ತಾರೆ. ದಾಬಸ್‌ಪೇಟೆ ದಾಟಿ ಕೊರಟಗೆರೆ ಮುಟ್ಟುವ ಹೊತ್ತಿಗೆ ಮಾತೆಲ್ಲ ಊರಿನದೇ: ಯಾರ ಬೋರ್‌ವೆಲ್ ನಿಂತಿತು, ಯಾರ ಮಗಳ ಮದುವೆ ಕುದುರಿತು, ಈ ಸಲ ಹುಣಸೆ ಹಣ್ಣಿಗೆ ಏನು ರೇಟು. ತಿಂಗಳುಗಟ್ಟಲೆ ಬೀಗ ಬಿದ್ದಿದ್ದ ಮನೆಗಳ ಬಾಗಿಲು ಅಂದು ತೆರೆಯುತ್ತವೆ. ಹೊಸತೊಡಕು ಮುಗಿಯುತ್ತಿದ್ದಂತೆ ರಾಗಿಹಿಟ್ಟು, ಹುರುಳಿ, ಹುಣಸೆಹಣ್ಣಿನ ಚೀಲಗಳು ಬಸ್ಸೇರುತ್ತವೆ. ಬಾಗಿಲಿಗೆ ಮತ್ತೆ ಬೀಗ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ನಂಬಿದ ಬಯಲುಸೀಮೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುವ ಬೇಸಾಯ. ಕೆರೆಗಳು ಬತ್ತಿದ ಮೇಲೆ ಬೋರ್‌ವೆಲ್ ಆಳಕ್ಕಿಳಿಯಿತು. ಪಾವಗಡದಲ್ಲಿ ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಇತ್ತು. ಬೆಂಗಳೂರು ನೂರು, ನೂರೈವತ್ತು ಕಿಲೋಮೀಟರ್ ದೂರದಲ್ಲಿ ಕೂಲಿ ಕೊಡುತ್ತಿರುವಾಗ ಜನ ಹೊರಟದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲು ಸುಗ್ಗಿ ಮುಗಿದ ಮೇಲೆ ನಾಲ್ಕು ತಿಂಗಳು ಹೋಗಿಬರುತ್ತಿದ್ದರು. ಆಮೇಲೆ ಹೆಂಡತಿ ಮಕ್ಕಳನ್ನೂ ಕರೆದೊಯ್ದರು. ಈಗ ಪೀಣ್ಯ, ನೆಲಮಂಗಲದ ಬಾಡಿಗೆ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಊರೆಂದರೆ ಅಜ್ಜಿ ಇರುವ ಜಾಗ.

ಆ ಅಜ್ಜಿ ಇಲ್ಲವಾದ ಮೇಲೆ? ಈ ಪ್ರಶ್ನೆಗೆ ನಾವು ಇನ್ನೂ ಉತ್ತರ ಹುಡುಕಿಲ್ಲ.

ಮನೆದೇವರು ಕಟ್ಟಿಕೊಟ್ಟ ನಂಟು

ಇಷ್ಟು ದಿನ ಈ ನಂಟನ್ನು ಕಾಯ್ದದ್ದು ಸರ್ಕಾರವಲ್ಲ, ಸಂಘವಲ್ಲ, ಮನೆದೇವರು. ತಲೆಮಾರುಗಳ ಹಿಂದೆ ಊರು ಬಿಟ್ಟ ಮನೆತನವೂ ಮಗುವಿನ ಮುಡಿ ಕೊಡಲು, ಮದುವೆಯ ಮೊದಲ ಲಗ್ನಪತ್ರಿಕೆ ಇಡಲು ಹಳೆಯ ಗುಡಿಯನ್ನೇ ಹುಡುಕಿಕೊಂಡು ಬರುತ್ತದೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ, ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿಯ ದಂಡೆಯ ಸುಬ್ರಹ್ಮಣ್ಯನ ರಥೋತ್ಸವಕ್ಕೆ ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ತಂಬಿಟ್ಟಿನ ಆರತಿ ಹೊತ್ತ ಸಾಲಿನಲ್ಲಿ ಹಳ್ಳಿಯ ಸೊಸೆಯ ಪಕ್ಕದಲ್ಲೇ ಬೆಂಗಳೂರಿನ ಸೊಸೆ ಇರುತ್ತಾಳೆ. ಗುರುತು ಸಿಗದ ಹುಡುಗನನ್ನು ಹಿರಿಯರು ತಡೆದು ಕೇಳುತ್ತಾರೆ: ‘ಯಾರ ಮಗನಪ್ಪ ನೀನು?’ ಅವನು ಅಪ್ಪನ ಹೆಸರು ಹೇಳಿದರೆ ಸಾಲದು, ತಾತನ ಹೆಸರು ಹೇಳಬೇಕು. ಹೇಳಿದ ಕೂಡಲೇ ಅವನು ಊರಿನವನಾಗುತ್ತಾನೆ.

ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ನೆಲೆಯಿದೆ. ಅವನ ಕಥೆ ಹಾಡುವವರ ಕೈಯಲ್ಲಿ ಗಣೆ ಇರುತ್ತದೆ. ಮಾಮೂಲಿ ಕೊಳಲಿಗಿಂತ ಬಹಳ ಉದ್ದದ ಬಿದಿರಿನ ವಾದ್ಯ. ಊದುವವನ ಉಸಿರೂ ಅಷ್ಟೇ ಉದ್ದವಿರಬೇಕು. ಕಥೆ ಒಂದಿಷ್ಟು ಸಾಗಿದ ಮೇಲೆ ಗಣೆಯ ದನಿ, ಮತ್ತೆ ಕಥೆ. ಹೀಗೆ ರಾತ್ರಿ ಕಳೆಯುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜುಂಜಪ್ಪನ ಕಾವ್ಯವನ್ನು ಪುಸ್ತಕವಾಗಿ ತಂದಿದೆ, ಅದು ದೊಡ್ಡ ಉಪಕಾರ. ಆದರೆ ಉಸಿರು ಹಿಡಿಯುವ ವರಸೆ ಪುಸ್ತಕದಿಂದ ಬರುವುದಿಲ್ಲ. ಹಿರಿಯನ ಎದುರು ಕೂತು ಕಲಿಯಬೇಕು. ಕಲಿಯಬೇಕಾದ ಮೊಮ್ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ.

ಪರಂಪರೆ ಎಂದ ಮಾತ್ರಕ್ಕೆ ಎಲ್ಲವನ್ನೂ ಹೊತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇಡುವ ಸೂತಕದ ಪದ್ಧತಿ ಇದೇ ಸೀಮೆಯದು. ಪೇಟೆಯಲ್ಲಿ ಓದಿದ ಹೆಣ್ಣುಮಗಳು ಅದನ್ನು ಧಿಕ್ಕರಿಸಿದರೆ ಅವಳೂ ಊರಿಗೆ ಒಳ್ಳೆಯದನ್ನೇ ಮಾಡಿದಂತೆ. ಗಣೆ ಉಳಿಯಲಿ, ಗುಡಿಸಲು ಹೋಗಲಿ.

ಜಮೀನು ಇದೆ, ಬೇಸಾಯ ಇಲ್ಲ

ಊರಿನೊಂದಿಗೆ ಉಳಿದ ಇನ್ನೊಂದು ಕೊಂಡಿ ಜಮೀನು. ಅದೂ ಈಗ ಬೇರೆ ರೂಪ ತಾಳಿದೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. 2018ರಲ್ಲಿ ಉದ್ಘಾಟನೆಯಾದ ಆ ಯೋಜನೆಗೆ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಬರದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಆದರೆ ಗುತ್ತಿಗೆ ಹಣ ಬ್ಯಾಂಕಿಗೇ ಬರುವಾಗ ಜಮೀನಿನ ಯಜಮಾನ ಊರಲ್ಲಿರಲೇಬೇಕೆಂದಿಲ್ಲ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ, ಸ್ವಂತ ನೆಲವಿಲ್ಲದ ಕೂಲಿಯವರಿಗಂತೂ ಕೆಲಸವೂ ಇಲ್ಲ, ಗುತ್ತಿಗೆಯೂ ಇಲ್ಲ.

ಪಾವಗಡದ ಮಕ್ಕಳಿಗೆ ಇನ್ನೊಂದು ನಷ್ಟವೂ ಇದೆ. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಗಡಿಯಾಚೆ ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ. ಎರಡು ನುಡಿಗಳನ್ನು ಸಲೀಸಾಗಿ ಆಡುತ್ತಿದ್ದ ಮನೆತನದ ಮಗು ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನ್ನೂ ಓದಲು ತಡವರಿಸುತ್ತದೆ.

ಹೋದವರನ್ನು ಹಿಡಿದಿಟ್ಟವರು

ಊರು ಬಿಟ್ಟವರ ನಂಟು ಕಾಯುವ ಕೆಲಸವನ್ನು ಯೋಚಿಸಿ ಮಾಡಿದವರು ಜಗತ್ತಿನಲ್ಲಿದ್ದಾರೆ. ಸ್ಲೊವೇನಿಯ ಸುಮಾರು 20 ಲಕ್ಷ ಜನರ ಪುಟ್ಟ ದೇಶ. ಹೊಟ್ಟೆಪಾಡಿಗೆಂದೂ ಯುದ್ಧದ ಕಾರಣಕ್ಕೂ ಅಲ್ಲಿಂದ ಅಮೆರಿಕದ ಕ್ಲೀವ್‌ಲ್ಯಾಂಡ್, ಅರ್ಜೆಂಟೀನ, ಆಸ್ಟ್ರೇಲಿಯಗಳಿಗೆ ಹೋದವರು ಬಹಳ. ಅದಿನ್ನೂ ಯುಗೊಸ್ಲಾವಿಯದ ಭಾಗವಾಗಿದ್ದ 1951ರಲ್ಲೇ ಲ್ಯುಬ್ಲಿಯಾನದಲ್ಲಿ ವಲಸಿಗರಿಗೆಂದೇ ಒಂದು ಸಂಸ್ಥೆ ಹುಟ್ಟಿತು. ಹೊರಗಿದ್ದವರಿಗೆ ತಾಯ್ನುಡಿಯ ಪತ್ರಿಕೆ ಕಳಿಸಿತು, ಬೇಸಿಗೆಯಲ್ಲಿ ಬಂದವರನ್ನು ಒಂದೆಡೆ ಕೂಡಿಸಿತು. ನಮ್ಮಲ್ಲೂ ಅಮೆರಿಕದ ಕನ್ನಡ ಕೂಟಗಳು ಸೇರಿ 1998ರಲ್ಲಿ ‘ಅಕ್ಕ’ ಕಟ್ಟಿದವು. ಎರಡು ವರ್ಷಕ್ಕೊಮ್ಮೆ ವಿಶ್ವ ಕನ್ನಡ ಸಮ್ಮೇಳನ ನಡೆಸಿಕೊಂಡು ಬಂದಿವೆ. ಕಡಲಾಚೆ ಹೋದವರ ಬಗ್ಗೆ ಇರುವ ಈ ಕಾಳಜಿ ತುಮಕೂರು ರಸ್ತೆಯಲ್ಲಿ ನೂರು ಕಿಲೋಮೀಟರ್ ಹೋದವರ ಬಗ್ಗೆ ಯಾಕಿಲ್ಲ? ಹತ್ತಿರದಲ್ಲೇ ಇದ್ದಾರೆ, ಬರುತ್ತಾರೆ ಬಿಡಿ ಎಂಬ ಭರವಸೆಯಲ್ಲೇ ನಾವು ಅವರನ್ನು ಕಳೆದುಕೊಳ್ಳುತ್ತಿದ್ದೇವೆ.

ಗುಡಿಗೆ ಇದ್ದದ್ದು ಶಾಲೆಗೂ ಇರಲಿ

ನನ್ನ ಮಾತು ಇಷ್ಟೇ: ಹಬ್ಬಕ್ಕೆ ಕರೆದರೆ ಜನ ಎರಡು ದಿನಕ್ಕೆ ಬರುತ್ತಾರೆ, ಕೆಲಸ ಹಚ್ಚಿದರೆ ಊರನ್ನು ತಮ್ಮದೆಂದು ನೋಡಿಕೊಳ್ಳುತ್ತಾರೆ. ಗುಡಿಯ ಜೀರ್ಣೋದ್ಧಾರಕ್ಕೆ ವಂತಿಗೆ ಎತ್ತಿದಾಗ ಬೆಂಗಳೂರಿನ ಕೂಲಿಯವನೂ ಹಿಂದೆ ಬೀಳುವುದಿಲ್ಲ. ಲೆಕ್ಕ ಇಡುವವರು, ಫೋನ್ ಮಾಡಿ ನೆನಪಿಸುವವರು, ವಾಟ್ಸ್‌ಆ್ಯಪ್ ಗುಂಪು ಎಲ್ಲ ಸಿದ್ಧವಿದೆ. ಅದೇ ಏರ್ಪಾಟು ಊರಿನ ಸರ್ಕಾರಿ ಶಾಲೆಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ, ಕೆರೆಯ ಏರಿಗೆ ಯಾಕೆ ಒದಗಬಾರದು? ಮನೆದೇವರು ಕುಲಕ್ಕೊಂದು, ಬೆಡಗಿಗೊಂದು. ಶಾಲೆ ಮತ್ತು ಕೆರೆ ಇಡೀ ಊರಿನವು, ಕೇರಿಯಾಚೆ ಉಳಿದವರದೂ ಹೌದು. ಅವುಗಳ ಸುತ್ತ ಕೂಡಿದ ಊರು ಗುಡಿಯ ಸುತ್ತ ಕೂಡುವ ಊರಿಗಿಂತ ದೊಡ್ಡದು.

ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಹುಟ್ಟಿದ ಲೇಖಕ ರಾಮಚಂದ್ರಪ್ಪ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡು 2016ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆವರೆಗೆ ನಡೆದರು. ಊರನ್ನು ಜೊತೆಗೆ ಒಯ್ಯುವುದು ದೊಡ್ಡ ಲೇಖಕರಿಗೆ ಮಾತ್ರ ಸಾಧ್ಯ ಎಂದು ಭಾವಿಸಬೇಕಿಲ್ಲ. ಈ ಸಲ ಊರಿಗೆ ಹೋದಾಗ ಮೊಬೈಲನ್ನು ಅಜ್ಜಿಯ ಮುಂದಿಡಿ. ರಾಗಿ ಬೀಸುವಾಗ ಏನು ಹಾಡುತ್ತಿದ್ದಿರಿ, ಯಾವ ಬರಗಾಲದಲ್ಲಿ ಏನು ತಿಂದಿರಿ, ನಿಮ್ಮ ತವರು ಯಾವುದು ಎಂದು ಕೇಳಿ ಧ್ವನಿಮುದ್ರಣ ಮಾಡಿಕೊಳ್ಳಿ. ಮಕ್ಕಳಿಂದಲೇ ಪ್ರಶ್ನೆ ಕೇಳಿಸಿ. ಓದಿ ಮುಗಿಸಿದ ಹತ್ತು ಪುಸ್ತಕಗಳನ್ನು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಟ್ಟುಬನ್ನಿ. ನೀವು ಓದಿದ ಶಾಲೆಯ ಬಾಗಿಲು ತಟ್ಟಿ, ಏನು ಬೇಕು ಮೇಷ್ಟ್ರೇ ಎಂದು ಕೇಳಿ. ಇದಕ್ಕೆಲ್ಲ ಮುಂದಿನ ಜಾತ್ರೆಯವರೆಗೆ ಕಾಯಬೇಡಿ, ಅಜ್ಜಿಯ ವಯಸ್ಸು ಕಾಯುವುದಿಲ್ಲ.