ಸೆರೆಬ್ರಲ್ ಪಾಲ್ಸಿ ಫುಟ್‌ಬಾಲ್ ವಿಶ್ವಕಪ್

ಸೆರೆಬ್ರಲ್ ಪಾಲ್ಸಿ ಫುಟ್‌ಬಾಲ್ ವಿಶ್ವಕಪ್ ಎಂಬುದು ಸೆರೆಬ್ರಲ್ ಪಾಲ್ಸಿ (ಮೆದುಳಿನ ಪಾರ್ಶ್ವವಾಯು) ಹಾಗೂ ಅದನ್ನು ಹೋಲುವ ಚಲನದೋಷಗಳುಳ್ಳ ಆಟಗಾರರಿಗಾಗಿ ನಡೆಯುವ ಅಂತರರಾಷ್ಟ್ರೀಯ ಪಂದ್ಯಾವಳಿ. ಪ್ರತಿ ತಂಡದಿಂದ ಏಳು ಮಂದಿ ಕಣಕ್ಕಿಳಿಯುವುದರಿಂದ ಈ ಆಟಕ್ಕೆ 'ಏಳು ಜನರ ಫುಟ್‌ಬಾಲ್' ಎಂಬ ಹೆಸರೂ ಇದೆ. 2015ರಿಂದ ಅಂತರರಾಷ್ಟ್ರೀಯ ಸೆರೆಬ್ರಲ್ ಪಾಲ್ಸಿ ಫುಟ್‌ಬಾಲ್ ಒಕ್ಕೂಟವು (ಐಎಫ್‌ಸಿಪಿಎಫ್) ಈ ಕ್ರೀಡೆಯ ಆಡಳಿತವನ್ನು ನೋಡಿಕೊಳ್ಳುತ್ತಿದೆ. 2016ರ ನಂತರ ಪ್ಯಾರಾಲಿಂಪಿಕ್ಸ್‌ನಲ್ಲಿ ಈ ಆಟ ಇಲ್ಲವಾದುದರಿಂದ ವಿಶ್ವಕಪ್ಪೇ ಇದರ ಅತ್ಯುನ್ನತ ಸ್ಪರ್ಧೆಯಾಗಿ ಉಳಿದಿದೆ.

ಆಟಗಾರರು ಮತ್ತು ವರ್ಗೀಕರಣ

ಸೆರೆಬ್ರಲ್ ಪಾಲ್ಸಿಯು ಜನನಕ್ಕೆ ಮೊದಲು, ಜನನದ ಸಮಯದಲ್ಲಿ ಅಥವಾ ಶೈಶವದಲ್ಲಿ ಬೆಳೆಯುತ್ತಿರುವ ಮೆದುಳಿಗೆ ಆಗುವ ಹಾನಿಯಿಂದ ಉಂಟಾಗುವ ಸ್ಥಿತಿ. ಇದು ಸಾಂಕ್ರಾಮಿಕವಲ್ಲ, ಮೆದುಳಿಗೆ ಆದ ಹಾನಿಯು ವಯಸ್ಸಿನೊಂದಿಗೆ ಹೆಚ್ಚುತ್ತಾ ಹೋಗುವುದೂ ಇಲ್ಲ. ಸ್ನಾಯುಗಳ ಬಿಗಿತ, ಅನೈಚ್ಛಿಕ ಚಲನೆ, ಸಮತೋಲನದ ಕೊರತೆ ಇವು ಇದರ ಮುಖ್ಯ ಲಕ್ಷಣಗಳು. ಪಾರ್ಶ್ವವಾಯುವಿನ ಆಘಾತದಿಂದ ಅಥವಾ ತಲೆಗೆ ಬಿದ್ದ ಪೆಟ್ಟಿನಿಂದ ಇಂಥದೇ ಲಕ್ಷಣಗಳು ಉಳಿದುಕೊಂಡವರೂ ಈ ಆಟಕ್ಕೆ ಅರ್ಹರು. ಆದರೆ ಆಟಗಾರನು ಊರುಗೋಲಿನ ನೆರವಿಲ್ಲದೆ ನಡೆಯಲು ಮತ್ತು ಓಡಲು ಶಕ್ತನಾಗಿರಬೇಕು.

ದೋಷದ ತೀವ್ರತೆಯನ್ನು ಅನುಸರಿಸಿ ಆಟಗಾರರನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತದೆ:

* ಎಫ್‌ಟಿ1 – ತೀವ್ರ ಪ್ರಮಾಣ
* ಎಫ್‌ಟಿ2 – ಮಧ್ಯಮ ಪ್ರಮಾಣ
* ಎಫ್‌ಟಿ3 – ಅಲ್ಪ ಪ್ರಮಾಣ

ಪಂದ್ಯದುದ್ದಕ್ಕೂ ತಂಡದಲ್ಲಿ ಕನಿಷ್ಠ ಒಬ್ಬ ಎಫ್‌ಟಿ1 ಆಟಗಾರನು ಕಣದಲ್ಲಿರಬೇಕು. ಎಫ್‌ಟಿ3 ವರ್ಗದವರು ಒಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಅಲ್ಪ ದೋಷವುಳ್ಳವರನ್ನಷ್ಟೇ ಆರಿಸಿ ತಂಡ ಕಟ್ಟುವುದನ್ನು ಈ ನಿಯಮವು ತಡೆಯುತ್ತದೆ.

ಆಟದ ನಿಯಮಗಳು

ಸಾಮಾನ್ಯ ಫುಟ್‌ಬಾಲ್ ನಿಯಮಗಳೇ ಕೆಲವು ಮಾರ್ಪಾಡುಗಳೊಂದಿಗೆ ಇಲ್ಲಿಯೂ ಅನ್ವಯಿಸುತ್ತವೆ. ಅಂಕಣವು ಚಿಕ್ಕದು, ಅದರ ಉದ್ದ ಸುಮಾರು 70 ಮೀಟರ್, ಅಗಲ ಸುಮಾರು 50 ಮೀಟರ್. ಗೋಲಿನ ಅಗಲ 5 ಮೀಟರ್, ಎತ್ತರ 2 ಮೀಟರ್. ತಲಾ 30 ನಿಮಿಷಗಳ ಎರಡು ಅವಧಿಗಳಲ್ಲಿ ಪಂದ್ಯ ನಡೆಯುತ್ತದೆ. ಆಫ್‌ಸೈಡ್ ನಿಯಮವಿಲ್ಲ. ಚೆಂಡು ಗೆರೆ ದಾಟಿದಾಗ ಅದನ್ನು ಒಂದೇ ಕೈಯಿಂದ ನೆಲದ ಮೇಲೆ ಉರುಳಿಸಿ ಆಟಕ್ಕೆ ಮರಳಿಸಲು ಅವಕಾಶವಿದೆ. ದೇಹದ ಒಂದು ಪಾರ್ಶ್ವದಲ್ಲಿ ಬಲವಿಲ್ಲದ ಆಟಗಾರನು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಎಸೆಯುವುದು ಕಷ್ಟವಾದುದರಿಂದ ಈ ಸೌಲಭ್ಯ ಉಪಯುಕ್ತವಾಗಿದೆ.

ಇತಿಹಾಸ

1978ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲಿ ಈ ಆಟ ಕಾಣಿಸಿಕೊಂಡಿತು. 1984ರಲ್ಲಿ ಪ್ಯಾರಾಲಿಂಪಿಕ್ಸ್‌ಗೆ ಸೇರ್ಪಡೆಯಾಗಿ, 2016ರವರೆಗೆ ಒಂಬತ್ತು ಕೂಟಗಳಲ್ಲಿ ನಡೆಯಿತು. ಚಿನ್ನದ ಪದಕ ಗಳಿಸಿದ ದೇಶಗಳು ಹೀಗಿವೆ:

* 1984 – ಬೆಲ್ಜಿಯಂ
* 1988, 1992, 1996 – ನೆದರ್ಲೆಂಡ್ಸ್
* 2000, 2012 – ರಷ್ಯಾ
* 2004, 2008, 2016 – ಉಕ್ರೇನ್

2015ರ ವಿಶ್ವ ಚಾಂಪಿಯನ್‌ಷಿಪ್ ಇಂಗ್ಲೆಂಡಿನಲ್ಲಿ ನಡೆದು ರಷ್ಯಾ ಗೆದ್ದಿತು. ಆದರೆ ಮರುವರ್ಷ ರಷ್ಯಾದ ಪ್ಯಾರಾಲಿಂಪಿಕ್ ಸಮಿತಿಯನ್ನು ಅಮಾನತುಗೊಳಿಸಿದ್ದರಿಂದ ವಿಶ್ವ ಚಾಂಪಿಯನ್ನರು ರಿಯೊ ಕೂಟದಿಂದ ಹೊರಗುಳಿದರು. ಅವರ ಬದಲಿಗೆ ಪ್ರವೇಶ ಪಡೆದ ಇರಾನ್ ಅಂತಿಮ ಪಂದ್ಯವನ್ನು ತಲುಪಿ, ಹೆಚ್ಚುವರಿ ಅವಧಿಯಲ್ಲಿ ಉಕ್ರೇನ್‌ಗೆ 2–1ರಿಂದ ಸೋತಿತು. ಮುಂದಿನ ವಿಶ್ವ ಪಂದ್ಯಾವಳಿಗಳು 2017ರಲ್ಲಿ ಅರ್ಜೆಂಟೀನಾದ ಸಾನ್ ಲೂಯಿಸ್, 2019ರಲ್ಲಿ ಸ್ಪೇನಿನ ಸೆವಿಲ್ ಹಾಗೂ 2022ರಲ್ಲಿ ಸ್ಪೇನಿನ ಸಾಲೊ ಪಟ್ಟಣದಲ್ಲಿ ನಡೆದವು.

ಮಹಿಳೆಯರ ಮೊದಲ ವಿಶ್ವಕಪ್ ಕೂಡ 2022ರಲ್ಲಿ ಸಾಲೊದಲ್ಲಿಯೇ ನಡೆಯಿತು. ಐದು ತಂಡಗಳು ಭಾಗವಹಿಸಿದ್ದ ಈ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಅಮೆರಿಕವು ಆಸ್ಟ್ರೇಲಿಯಾವನ್ನು ಹೆಚ್ಚುವರಿ ಅವಧಿಯಲ್ಲಿ 4–2ರಿಂದ ಸೋಲಿಸಿತು.

ಪ್ಯಾರಾಲಿಂಪಿಕ್ಸ್‌ನಿಂದ ನಿರ್ಗಮನ

2015ರ ಜನವರಿಯಲ್ಲಿ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯು ಟೋಕಿಯೊ ಕೂಟದ ಪಟ್ಟಿಯಿಂದ ಈ ಆಟವನ್ನು ಕೈಬಿಟ್ಟಿತು. ಸಮಿತಿಯ ನಿಯಮದಂತೆ ತಂಡದ ಕ್ರೀಡೆಯೊಂದು ಕನಿಷ್ಠ 24 ದೇಶಗಳಲ್ಲಿ ಮತ್ತು ಮೂರು ಪ್ರಾದೇಶಿಕ ವಲಯಗಳಲ್ಲಿ ವ್ಯಾಪಕವಾಗಿ, ನಿಯತವಾಗಿ ನಡೆಯುತ್ತಿರಬೇಕು. ಜಾಗತಿಕ ವ್ಯಾಪ್ತಿ ಸಾಲದು ಎಂಬುದೇ ಕೈಬಿಡಲು ನೀಡಿದ ಕಾರಣ. 2024ರ ಪ್ಯಾರಿಸ್ ಕೂಟದಲ್ಲಿಯೂ ಈ ಆಟ ಇರಲಿಲ್ಲ. ಹೀಗಾಗಿ ಹೊಸ ದೇಶಗಳಲ್ಲಿ, ಮಹಿಳೆಯರಲ್ಲಿ ಆಟವನ್ನು ಬೆಳೆಸುವುದು ಈ ಕ್ರೀಡೆಯ ಅಳಿವು ಉಳಿವಿನ ಪ್ರಶ್ನೆಯೂ ಆಗಿದೆ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಭಾರತದ 1995ರ ಅಂಗವಿಕಲರ ಅಧಿನಿಯಮವು ಸೆರೆಬ್ರಲ್ ಪಾಲ್ಸಿಯನ್ನು ಚಲನವೈಕಲ್ಯದ ಅಡಿಯಲ್ಲಿ ಸೇರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಧಿನಿಯಮವು ಗುರುತಿಸಿದ 21 ವೈಕಲ್ಯಗಳಲ್ಲಿಯೂ ಇದು ಸೇರಿದೆ. ಕರ್ನಾಟಕದಲ್ಲಿ ಈ ಸ್ಥಿತಿಯುಳ್ಳ ಮಕ್ಕಳಿಗಾಗಿ 1982ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಸ್ಥಾಪನೆಯಾಯಿತು. ಚಲನ ಸಮನ್ವಯದ ದೋಷವುಳ್ಳವರಿಗೆ ಮೀಸಲಾದ ಟಿ35 ವರ್ಗದಲ್ಲಿ ಭಾರತದ ಪ್ರೀತಿ ಪಾಲ್ ಅವರು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ 100 ಮತ್ತು 200 ಮೀಟರ್ ಓಟಗಳಲ್ಲಿ ಕಂಚಿನ ಪದಕ ಪಡೆದರು.

ರಾಜಧಾನಿಯಿಂದ ದೂರದ ಪ್ರದೇಶಗಳಲ್ಲಿ ಮಗುವಿನ ಸ್ಥಿತಿಯನ್ನು ಗುರುತಿಸುವುದೇ ಮೊದಲ ಹೆಜ್ಜೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯಲ್ಲದೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿವೆ. ರಾಜ್ಯದ ಇತರೆಡೆಗಳಂತೆ ಇಲ್ಲಿಯೂ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಹಾಗೂ ಸರ್ಕಾರಿ ಸೌಲಭ್ಯಗಳನ್ನು ಪಡೆಯಲು ನೆರವಾಗುತ್ತಾರೆ. ಆದರೆ ಆ ಚೀಟಿಯಲ್ಲಿ ನಮೂದಾಗುವ ಶೇಕಡಾವಾರು ಪ್ರಮಾಣವು ಕ್ರೀಡಾ ವರ್ಗವನ್ನು ನಿರ್ಧರಿಸುವುದಿಲ್ಲ. ಅಂತರರಾಷ್ಟ್ರೀಯ ಪಂದ್ಯಗಳಿಗಾಗಿ ತರಬೇತಿ ಪಡೆದ ವರ್ಗೀಕಾರರು ಆಟಗಾರನ ದೇಹವನ್ನು ಪರೀಕ್ಷಿಸಿ, ಅವನ ಓಟ, ತಿರುವು ಮತ್ತು ಚೆಂಡಿನ ಮೇಲಿನ ಹಿಡಿತವನ್ನು ಗಮನಿಸಿ ವರ್ಗವನ್ನು ಪ್ರತ್ಯೇಕವಾಗಿ ನಿಗದಿಪಡಿಸುತ್ತಾರೆ.