ಬೇಲಿನ ತೂಕ, ಮೈಕ್ರೋವೋಲ್ಟಿನ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೀಮೆಯ ಬೆಳೆಗಾರರು ಬ್ಯಾರನ್ನಿನಲ್ಲಿ ಬೇಯಿಸಿ, ವಿಂಗಡಿಸಿ, ಬೇಲು ಕಟ್ಟಿದ ಹೊಗೆಸೊಪ್ಪು ಕಟ್ಟೆಮಳಲವಾಡಿ, ಕಂಪಲಾಪುರದಂಥ ಹರಾಜು ಮಾರುಕಟ್ಟೆಗಳಲ್ಲಿ ತೂಕದ ಯಂತ್ರ ಏರುತ್ತದೆ. ದರ ಸಾಲದೆಂದು ರೈತ ಜಗಳ ಆಡಬಹುದು. ತೂಕದ ಅಂಕಿಯನ್ನು ನಂಬದೆ ಬೇರೆ ದಾರಿಯಿಲ್ಲ. 100 ಕಿಲೋ ಬೇಲಿಗೆ ಅರ್ಧ ಕಿಲೋ ತಪ್ಪಿದರೆ, ಕಿಲೋಗೆ 250 ರೂಪಾಯಿ ಎಂದಿಟ್ಟುಕೊಂಡರೂ, 125 ರೂಪಾಯಿ ಹೋಯಿತು.

ಯಂತ್ರದ ಹಲಗೆಯಡಿ ಲೋಡ್ ಸೆಲ್ ಎಂಬ ಲೋಹದ ತುಂಡಿದೆ. ಅದಕ್ಕೆ ನಾಲ್ಕು ಸ್ಟ್ರೇನ್ ಗೇಜ್‌ಗಳನ್ನು ಅಂಟಿಸಿರುತ್ತಾರೆ. ಇವನ್ನು 1938ರಲ್ಲಿ ಅಮೆರಿಕದ ಸಿಮ್ಮನ್ಸ್ ಮತ್ತು ರೂಜ್ ಬೇರೆಬೇರೆಯಾಗಿ ರೂಪಿಸಿದರು. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಗೇಜಿನ 350 ಓಮ್ ರೋಧ ಒಂದು ಓಮ್‌ಗಿಂತಲೂ ಕಡಿಮೆ ಬದಲಾಗುತ್ತದೆ. ನಾಲ್ಕನ್ನೂ ವೀಟ್‌ಸ್ಟನ್ ಸೇತುವೆಯಾಗಿ ಜೋಡಿಸಿದರೆ ಈ ವ್ಯತ್ಯಾಸ ವೋಲ್ಟೇಜ್ ಆಗಿ ಹೊರಬರುತ್ತದೆ, ಬಿಸಿಲು-ಚಳಿಯ ಪರಿಣಾಮ ಬಹುಪಾಲು ತನ್ನಲ್ಲೇ ರದ್ದಾಗುತ್ತದೆ. 5 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ ಸಿಗುವುದು ಸಾಮಾನ್ಯವಾಗಿ 10 ಮಿಲಿವೋಲ್ಟ್. ಯಂತ್ರದ ಸಾಮರ್ಥ್ಯ 300 ಕಿಲೋ ಆದರೆ 100 ಗ್ರಾಂ ಪಾಲಿಗೆ ಬರುವುದು ಸುಮಾರು 3 ಮೈಕ್ರೋವೋಲ್ಟ್! ಕೇಬಲ್ಲಿನ ಜೋಡಣೆಗೆ ಮಳೆಗಾಲದ ತೇವ ಹೊಕ್ಕರೂ ಅಂಕಿ ಅಲುಗಾಡುತ್ತದೆ.

ಅದಕ್ಕೇ ಮಾಪನಾಂಕನ ಬೇಕು.

ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ಚಾಲೂ ಇಟ್ಟು, ಭಾರ ಹೇರಿ ಇಳಿಸಿ, ಸೊನ್ನೆ ಹೊಂದಿಸುತ್ತಾರೆ. ನಂತರ ಪ್ರಮಾಣಿತ ತೂಕದ ಬಟ್ಟುಗಳನ್ನು ಹಂತಹಂತವಾಗಿ ಏರಿಸುತ್ತಾ, ಮತ್ತೆ ಇಳಿಸುತ್ತಾ ಅಂಕಿ ನೋಡಬೇಕು. ಏರುವಾಗಿನ 100 ಕಿಲೋ ಇಳಿಯುವಾಗಲೂ 100 ಆಗಿರಬೇಕು. ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟು ಬಟ್ಟನ್ನು ಹಲಗೆಯ ನಾಲ್ಕೂ ಮೂಲೆಗಳಲ್ಲಿ ಇಟ್ಟು ನೋಡುವ ಪರೀಕ್ಷೆ ಇನ್ನೂ ಮುಖ್ಯ. ಬೇಲನ್ನು ಯಾರೂ ನಟ್ಟನಡುವೆಯೇ ಇಡುವುದಿಲ್ಲವಲ್ಲ.

ಬಟ್ಟಿಲ್ಲದೆ ಪರೀಕ್ಷಿಸುವ ಉಪಾಯವೂ ಇದೆ. ಸೇತುವೆಯ ಒಂದು ಗೇಜಿಗೆ ಅಡ್ಡಲಾಗಿ 1.75 ಲಕ್ಷ ಓಮ್‌ನಷ್ಟು ರೋಧಕ ಸೇರಿಸಿದರೆ ಭಾರ ಬಿದ್ದಂತೆಯೇ ಸಂಕೇತ ಹುಟ್ಟುತ್ತದೆ. ಇದನ್ನು ಷಂಟ್ ಪರೀಕ್ಷೆ ಎನ್ನುತ್ತಾರೆ. ಇದರಿಂದ ವಿದ್ಯುತ್ ಭಾಗ ಸರಿಯಿದೆಯೇ ಎಂಬುದು ತಿಳಿದೀತು. ಗೇಜಿನ ಅಂಟು ಬಿಟ್ಟಿದೆಯೇ, ಹಲಗೆಯಡಿ ಕಲ್ಲು ಸಿಕ್ಕಿಕೊಂಡಿದೆಯೇ ಎಂಬುದು ತಿಳಿಯದು. ವ್ಯಾಪಾರದ ತೂಕಕ್ಕೆ ಷಂಟ್ ಒಂದನ್ನೇ ನೆಚ್ಚುವಂತಿಲ್ಲ.

ಯಂತ್ರವನ್ನು ಎಲ್ಲಿ ಹೊಂದಿಸುತ್ತಾರೆ ಎಂಬುದೂ ಮುಖ್ಯ. ಲೋಡ್ ಸೆಲ್ ಅಳೆಯುವುದು ಬಲವನ್ನು. ಭೂಮಿಯ ಸೆಳೆತ ಹುಣಸೂರಿಗಿಂತ ದೆಹಲಿಯಲ್ಲಿ ಸುಮಾರು ಶೇ 0.1ರಷ್ಟು ಹೆಚ್ಚು. ಅಲ್ಲಿ ಸರಿಪಡಿಸಿದ ಯಂತ್ರ ಇಲ್ಲಿಗೆ ಬಂದರೆ 100 ಕಿಲೋಗೆ ಸುಮಾರು ನೂರು ಗ್ರಾಂ ಕಡಿಮೆ ತೋರಿಸುತ್ತದೆ. ಹೀಗಾಗಿ ಬಳಸುವ ಜಾಗದಲ್ಲೇ ಬಟ್ಟಿಟ್ಟು ಹೊಂದಿಸುವುದು ಸರಿಯಾದ ಕ್ರಮ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಎಲೆಕ್ಟ್ರಾನಿಕ್ ಯಂತ್ರಕ್ಕೆ 12 ತಿಂಗಳಿಗೊಮ್ಮೆ ಬೀಳಲೇಬೇಕು. ನಡುವೆ ರಿಪೇರಿಯಾದರೆ ಮತ್ತೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು.